ಒಳರಸ್ತೆಯಲ್ಲಿ ಅಡ್ಡಿ ಪಿಕಪ್ಪೋ, ಇನ್ನೋವಾವೋ? ಪಾರ್ಕಿಂಗ್ ಜಗಳದಲ್ಲಿ ಕಾನೂನು ಹೇಳುವುದು ಬೇರೆಯೇ

ಮಂಜೇಶ್ವರ, ಉಪ್ಪಳ, ಕುಂಬಳೆ, ಕಾಸರಗೋಡು ಕಡೆಯ ಒಳರಸ್ತೆಗಳಲ್ಲಿ ಜಗಳ ಶುರುವಾಗಲು ಈಗ ದೊಡ್ಡ ಕಾರಣ ಬೇಡ. ರಾತ್ರಿ ಮನೆ ಮುಂದೆ ನಿಂತ ಒಂದು ಪಿಕಪ್ ಸಾಕು. ಬೆಳಗ್ಗೆ ಮದ್ರಸಕ್ಕೆ ಹೋಗುವ ಮಕ್ಕಳಿಗೆ ದಾರಿ ಇಲ್ಲ, ಶಾಲಾ ಬಸ್ ತಿರುಗಲ್ಲ, ಮೀನಿನ ಬಾಕ್ಸಿನ ವಾಸನೆ ಬರ್ತದೆ ಅಂತ ದೂರು. ಅತ್ತ ಗಾಡಿಯವನ ಪ್ರಶ್ನೆಯೂ ನೇರ: 'ಸಾಲ ಮಾಡಿ ತೆಗೆದ ಗಾಡಿ, ಮನೆ ಹತ್ತಿರ ಅಲ್ಲದೆ ಮತ್ತೆಲ್ಲಿ ನಿಲ್ಲಿಸಲಿ?'

ಮೀನು, ತರಕಾರಿ, ಅಡಿಕೆ, ಗುಜರಿ, ಕೇಟರಿಂಗ್ ಅಂತ ಸಣ್ಣ ವ್ಯಾಪಾರ ನಂಬಿದ ಬ್ಯಾರಿ ಕುಟುಂಬಗಳಿಗೆ ಇದು ಬರೀ ಟ್ರಾಫಿಕ್ ವಿಷಯ ಅಲ್ಲ. ಗಾಡಿಯೇ ಅಂಗಡಿ, ಗಾಡಿಯೇ ಬಂಡವಾಳ. ಹಾಗಾಗಿ ಈ ಜಗಳದಲ್ಲಿ ಯಾರಿಗೆ ಯಾವ ಹಕ್ಕು ಉಂಟು, ಯಾವುದು ಇಲ್ಲ ಅಂತ ತಿಳಿದಿರುವುದು ಒಳ್ಳೆಯದು.

ಸಮಸ್ಯೆ ಇದ್ದಕ್ಕಿದ್ದಂತೆ ಹುಟ್ಟಿದ್ದಲ್ಲ. ಹಿಂದೆ ಹೆದ್ದಾರಿ ಬದಿಯ ಮಣ್ಣಿನ ಜಾಗದಲ್ಲಿ ಟೆಂಪೊ, ಲಾರಿಗಳು ರಾತ್ರಿ ಕಳೆಯುತ್ತಿದ್ದವು. ತಲಪಾಡಿಯಿಂದ ಚೆಂಗಳವರೆಗಿನ ಸುಮಾರು 39 ಕಿ.ಮೀ. ಹೆದ್ದಾರಿ 66 ಆರು ಪಥವಾಯಿತು. ಬದಿಯ ಜಾಗ ಸರ್ವಿಸ್ ರಸ್ತೆಗೂ ಚರಂಡಿಗೂ ಹೋಯಿತು. ರಸ್ತೆ ಅಗಲವಾಯಿತು, ನಿಲ್ಲುವ ಜಾಗ ಮಾತ್ರ ಇಲ್ಲವಾಯಿತು. ಅಲ್ಲಿದ್ದ ಗಾಡಿಗಳು ಒಳಗಿನ ಓಣಿಗೆ ಬಂದವು. ಅದೇ ಹೊತ್ತಿಗೆ ಪ್ರತಿ ಮನೆಯಲ್ಲೂ ಒಂದು ಕಾರು, ಎರಡು ಸ್ಕೂಟರ್ ಆಗಿದೆ.

ಇನ್ನು ಕಾನೂನು. 1988ರ ಮೋಟಾರು ವಾಹನ ಕಾಯ್ದೆಯಲ್ಲಿ 'ವಸತಿ ಪ್ರದೇಶದಲ್ಲಿ ಗೂಡ್ಸ್ ವಾಹನ ನಿಲ್ಲಿಸಬಾರದು' ಅಂತ ಸಾರಾಸಗಟು ನಿಷೇಧ ಇಲ್ಲ. 122ನೇ ಸೆಕ್ಷನ್ ಕೇಳುವುದು ಒಂದೇ: ನಿಂತ ಗಾಡಿಯಿಂದ ಇತರರಿಗೆ ಅಪಾಯ, ಅಡ್ಡಿ ಅಥವಾ ಅನಾನುಕೂಲ ಆಗ್ತದಾ? ಹಳದಿ ಬೋರ್ಡೋ ಬಿಳಿ ಬೋರ್ಡೋ ಅಂತ ಅದು ನೋಡಲ್ಲ. ಯಾವುದೋ ಒಂದು ರಸ್ತೆಯಲ್ಲಿ ನಿರ್ದಿಷ್ಟ ಬಗೆಯ ವಾಹನ ಬೇಡ ಅಂತಾದರೆ 115ನೇ ಸೆಕ್ಷನ್ ಪ್ರಕಾರ ಸರಕಾರ ಅಥವಾ ಅದು ಅಧಿಕಾರ ಕೊಟ್ಟ ಪ್ರಾಧಿಕಾರ ಆದೇಶ ಹೊರಡಿಸಿ, ಬೋರ್ಡ್ ಹಾಕಬೇಕು.

ಇಲ್ಲೊಂದು ಲೆಕ್ಕ ನೋಡಿ. ಟಾಟಾ ಏಸ್ ಅಗಲ ಸುಮಾರು 1.5 ಮೀಟರ್. ಇನ್ನೋವಾ ಕ್ರಿಸ್ಟಾದ ಅಗಲ 1.8 ಮೀಟರ್ ದಾಟುತ್ತದೆ. ಮೂರೂವರೆ ಮೀಟರಿನ ಓಣಿಯಲ್ಲಿ ಏಸ್ ನಿಂತರೆ ಎರಡು ಮೀಟರ್ ಉಳಿಯುತ್ತದೆ, ಇನ್ನೋವಾ ನಿಂತರೆ ಒಂದೂ ಮುಕ್ಕಾಲು ಮೀಟರ್ ಕೂಡ ಉಳಿಯಲ್ಲ. ಆದರೆ ದೂರು ಹೋಗುವುದು ಏಸ್ ಮೇಲೆ. ಗಲ್ಫಿನಿಂದ ರಜೆಗೆ ಬಂದವರ ಕಾರು ತಿಂಗಳುಗಟ್ಟಲೆ ಗೇಟಿನ ಹೊರಗೆ ನಿಂತರೂ ಯಾರೂ ಮಾತಾಡಲ್ಲ. ಅಂದರೆ ಎಷ್ಟೋ ಕಡೆ ಜಗಳ ಗಾಡಿ ಹಿಡಿಯುವ ಜಾಗದ ಬಗ್ಗೆ ಅಲ್ಲ, ಗಾಡಿಯ ಅಂತಸ್ತಿನ ಬಗ್ಗೆ.

ಹಾಗಂತ ಪಿಕಪ್‌ನವರದ್ದೆಲ್ಲ ಸರಿ ಅಂತಲೂ ಅಲ್ಲ. ತಿರುವಿನಲ್ಲಿ, ಫುಟ್‌ಪಾತ್ ಮೇಲೆ, ಶಾಲೆ ಅಥವಾ ಆಸ್ಪತ್ರೆಯ ಬಾಗಿಲಲ್ಲಿ, ಇನ್ನೊಬ್ಬರ ಗೇಟಿಗೆ ಅಡ್ಡವಾಗಿ ನಿಲ್ಲಿಸುವುದು ತಪ್ಪು. 2019ರ ತಿದ್ದುಪಡಿ ನಂತರ ಇಂಥ ಸಾಮಾನ್ಯ ಉಲ್ಲಂಘನೆಗೆ ಮೊದಲ ಸಲ 500 ರೂ., ಮತ್ತೆ ಮಾಡಿದರೆ 1,500 ರೂ.ವರೆಗೆ ದಂಡ ಉಂಟು. ಅದಕ್ಕಿಂತ ದೊಡ್ಡದು ಬಿಎನ್‌ಎಸ್ 285ನೇ ಸೆಕ್ಷನ್. ಸಾರ್ವಜನಿಕ ದಾರಿಗೆ ಅಡ್ಡಿ ಮಾಡಿದರೆ ಹಳೆಯ ಐಪಿಸಿಯಲ್ಲಿ ದಂಡ 200 ರೂ.ವರೆಗೆ ಮಾತ್ರ ಇತ್ತು. 2024ರ ಜುಲೈ 1ರಿಂದ ಅದು 5,000 ರೂ.ವರೆಗೆ ಏರಿದೆ. 'ಎಂಥ ಮಹಾ, ಸಣ್ಣ ಫೈನ್' ಅಂತ ಅಸಡ್ಡೆ ಮಾಡುವ ಕಾಲ ಮುಗಿದಿದೆ.

ದೂರುವವರಿಗೂ ಮಿತಿ ಉಂಟು. ಹತ್ತು ಗಂಟೆಗಿಂತ ಹೆಚ್ಚು ಹೊತ್ತು ವಾರಸುದಾರರಿಲ್ಲದೆ ನಿಂತ ಅಥವಾ ನಿಷೇಧಿತ ಜಾಗದಲ್ಲಿ ನಿಲ್ಲಿಸಿದ ಗಾಡಿಯನ್ನು ಟೋ ಮಾಡಿಸಲು, ಚಕ್ರಕ್ಕೆ ಲಾಕ್ ಹಾಕಿಸಲು 127ನೇ ಸೆಕ್ಷನ್ ಅಧಿಕಾರ ಕೊಟ್ಟಿರುವುದು ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿಗೆ. ಟೋ ಖರ್ಚು ಮಾಲಕನ ತಲೆಗೆ. ಆದರೆ ಊರಿನ ಕ್ಲಬ್‌ನವರು ಟಯರಿನ ಗಾಳಿ ತೆಗೆಯುವುದು, ಸರಪಳಿ ಬಿಗಿಯುವುದು ಅಪರಾಧವಾಗಬಹುದು. ಕ್ಲಬ್ಬೋ ಅಸೋಸಿಯೇಷನ್ನೋ ಸಾರ್ವಜನಿಕ ರಸ್ತೆಯಲ್ಲಿ ತಾವೇ ಬರೆಸಿ ನೆಟ್ಟ 'ನೋ ಪಾರ್ಕಿಂಗ್' ಬೋರ್ಡಿಗೂ ಕಾನೂನಿನ ಬಲ ಇಲ್ಲ.

ಫ್ಲ್ಯಾಟುಗಳ ಕತೆ ಬೇರೆ. ಅಲ್ಲಿನ ಆವರಣ ಸಾರ್ವಜನಿಕ ರಸ್ತೆ ಅಲ್ಲ. ನಿವಾಸಿಗಳ ಸಂಘ ಬೈಲಾ ಮಾಡಿ, ಗೂಡ್ಸ್ ಗಾಡಿ ಒಳಗೆ ಬೇಡ ಅನ್ನಬಹುದು. ಫ್ಲ್ಯಾಟ್ ಖರೀದಿಸುವ ಅಥವಾ ಬಾಡಿಗೆಗೆ ಹೋಗುವ ಯುವಕರು ಮುಂಗಡ ಕೊಡುವ ಮೊದಲು ಬೈಲಾ ಓದಬೇಕು. ಬಿಲ್ಡರ್ 'ಓಪನ್ ಪಾರ್ಕಿಂಗ್‌ಗೆ ಇಷ್ಟು ಲಕ್ಷ' ಅಂತ ಪ್ರತ್ಯೇಕ ಮಾರಲು ಬಂದರೆ ಎಚ್ಚರ. 2016ರ ರೇರಾ ಕಾಯ್ದೆ ಓಪನ್ ಪಾರ್ಕಿಂಗನ್ನು ಎಲ್ಲರ ಸಾಮಾನ್ಯ ಜಾಗದಲ್ಲಿ ಸೇರಿಸಿದೆ. ಅದು ಒಬ್ಬರಿಗೆ ಮಾರುವ ವಸ್ತು ಅಲ್ಲ.

ಗಡಿಯಲ್ಲಿ ಇನ್ನೊಂದು ತಲೆನೋವು ಕೆಎ 19 ನಂಬರಿನ ಗಾಡಿಗಳದ್ದು. ಮಂಗಳೂರಿನಲ್ಲಿ ವ್ಯಾಪಾರ, ಮಂಜೇಶ್ವರದಲ್ಲಿ ಮನೆ ಅನ್ನುವವರು ನೂರಾರು. 47ನೇ ಸೆಕ್ಷನ್ ಪ್ರಕಾರ ಒಂದು ರಾಜ್ಯದ ಗಾಡಿಯನ್ನು ಇನ್ನೊಂದು ರಾಜ್ಯದಲ್ಲಿ 12 ತಿಂಗಳು ಮೀರಿ ಇಟ್ಟುಕೊಂಡರೆ ಅಲ್ಲಿನ ನೋಂದಣಿ ಮಾಡಿಸಬೇಕು. ಪಾರ್ಕಿಂಗ್ ದೂರಿಗೆ ಬಂದ ಅಧಿಕಾರಿ ಆರ್‌ಸಿ ತೆಗೆಸಿದರೆ ಸಣ್ಣ ವಿಷಯ ದೊಡ್ಡದಾಗುತ್ತದೆ. ದಿನಾ ಗಡಿ ದಾಟುವವರು ಟೋಲ್ ಚೀಟಿ, ಬಿಲ್ಲುಗಳನ್ನು ಇಟ್ಟುಕೊಂಡರೆ ಮಾತಿಗೆ ಆಧಾರ ಸಿಗುತ್ತದೆ.

ಹಾಗಾದರೆ ಪರಿಹಾರ? 2025ರ ಮೇಯಲ್ಲಿ ಮಹಾರಾಷ್ಟ್ರದ ಸಾರಿಗೆ ಸಚಿವರು ಪಾರ್ಕಿಂಗ್ ಜಾಗದ ಪ್ರಮಾಣಪತ್ರ ಇಲ್ಲದೆ ಹೊಸ ವಾಹನ ನೋಂದಣಿ ಇಲ್ಲ ಅಂದರು. ಜಪಾನ್‌ನಲ್ಲಿ 1962ರಿಂದಲೇ ಇಂಥ ಕಾನೂನು ಉಂಟು. ಕಾರಿಗೆ ಅದು ಸರಿ ಇರಬಹುದು. ಐದು ಸೆಂಟ್ಸ್ ಜಾಗದಲ್ಲಿ ಮನೆ ಕಟ್ಟಿದ ಮೀನಿನ ವ್ಯಾಪಾರಿಗೆ ಇದೇ ಶರ್ತ ಹಾಕಿದರೆ ಅವನ ದುಡಿಮೆಯ ಬಾಗಿಲೇ ಮುಚ್ಚಿದಂತೆ.

ಹತ್ತಿರದ ದಾರಿ 117ನೇ ಸೆಕ್ಷನ್. ಸ್ಥಳೀಯಾಡಳಿತದ ಜತೆ ಸಮಾಲೋಚಿಸಿ ಗಾಡಿ ನಿಲ್ಲಿಸುವ ಜಾಗ ಗುರುತಿಸಲು ಅದು ಅವಕಾಶ ಕೊಡುತ್ತದೆ. 2025ರ ಡಿಸೆಂಬರ್ ಚುನಾವಣೆಯಲ್ಲಿ ಗೆದ್ದು ಬಂದ ಪಂಚಾಯತ್, ನಗರಸಭೆಗಳ ಮುಂದೆ ಈ ಬೇಡಿಕೆ ಇಡಬಹುದು: ಊರಿಗೊಂದು ಗೂಡ್ಸ್ ಗಾಡಿ ಯಾರ್ಡ್, ರಾತ್ರಿ ಒಂದು ಲೈಟ್, ಒಬ್ಬ ಕಾವಲುಗಾರ. ರಾತ್ರಿಗೆ 30 ರೂ. ಅಂತ ಇಟ್ಟರೂ ತಿಂಗಳಿಗೆ 900 ರೂ. ಒಂದು ದಂಡ, ಒಂದು ಟೋ, ಒಡೆದ ಒಂದು ಕನ್ನಡಿಯ ಖರ್ಚಿನ ಮುಂದೆ ಇದು ಹೆಚ್ಚಲ್ಲ. 40 ಗಾಡಿ ಬಂದರೆ ತಿಂಗಳಿಗೆ 36,000 ರೂ. ಕಾವಲುಗಾರನ ಸಂಬಳ ಅದರಲ್ಲೇ ಹುಟ್ಟುತ್ತದೆ.

ಖಾಲಿ ಜಾಗ ಇರುವ ಜಮಾಅತ್‌ಗಳೂ ಕೈ ಜೋಡಿಸಬಹುದು. ಇಶಾ ನಮಾಝ್ ನಂತರ ಸುಬ್‌ಹಿಯವರೆಗೆ ಮಸೀದಿ ಅಂಗಳ ಹೆಚ್ಚಾಗಿ ಖಾಲಿ. ಅದಕ್ಕೆ ಬದಲಾಗಿ ಜುಮಾ ದಿನ, ಮದುವೆ ದಿನ ರಸ್ತೆ ಮುಚ್ಚಿ ಕಾರು ನಿಲ್ಲಿಸುವವರಿಗೂ ಅದೇ ಜಮಾಅತ್ ಬುದ್ಧಿ ಹೇಳಬೇಕು. ಹತ್ತು ನಿಮಿಷದ ನಮಾಝಿಗೆ ನಿಲ್ಲಿಸಿದ ಕಾರಿನ ಹಿಂದೆ ಆಂಬುಲೆನ್ಸ್ ಸಿಕ್ಕಿಕೊಂಡರೆ ಉತ್ತರ ಕೊಡುವವರು ಯಾರು? ದಾರಿಯಿಂದ ತೊಡಕು ತೆಗೆಯುವುದು ಈಮಾನಿನ ಭಾಗ ಅಂತ ಮದ್ರಸದಲ್ಲಿ ಕಲಿತ ಪಾಠ ಸ್ಟಿಯರಿಂಗ್ ಹಿಡಿದಾಗ ಮರೆಯಬಾರದು.

ಮುಂದಿನ ಗ್ರಾಮಸಭೆಗೆ ಯುವಕರು ಬರೀ ದೂರು ಹಿಡಿದು ಹೋಗದೆ ಯಾರ್ಡಿಗೆ ಆಗುವ ಜಾಗದ ಪಟ್ಟಿ ಹಿಡಿದು ಹೋಗಲಿ. ನಿರ್ಣಯ ಬರವಣಿಗೆಯಲ್ಲಿ ಆಗಲಿ. ಮೂರೂವರೆ ಮೀಟರಿನ ಓಣಿಯಲ್ಲಿ ಪಿಕಪ್‌ನವನೂ ಬದುಕಬೇಕು, ಆಂಬುಲೆನ್ಸೂ ದಾಟಬೇಕು.