ಚೀಟಿನೂ ಅವರದೇ, ಅಂಗಡಿನೂ ಅವರದೇ

ಗುಂಡುಮಾಲ್, ಕೋಸ್ಗಿ, ಮಕ್ತಲ್ ಕಡೆಯ ನಮ್ಮ ಮಂದಿ ದೊಡ್ಡ ಜಡ್ಡು ಬಂದ್ರೆ ನಾರಾಯಣಪೇಟೆಗೋ ಮಹಬೂಬನಗರಕ್ಕೋ ಹೋಗ್ತಾರೆ, ಇಲ್ಲಾಂದ್ರೆ ಕೃಷ್ಣಾ ನದಿ ದಾಟಿ ರಾಯಚೂರಿಗೆ. ಯಾವ ಕಡೆ ಹೋದ್ರೂ ಖಾಸಗಿ ದವಾಖಾನೆಯಲ್ಲಿ ಒಂದು ಮಾತು ಮಾತ್ರ ಕನ್ನಡ, ತೆಲುಗು ಎರಡರಲ್ಲೂ ಸ್ಪಷ್ಟವಾಗಿ ಕೇಳಿಸುತ್ತೆ: "ಔಷಧಿ ಇಲ್ಲೇ ಕೆಳಗಿನ ಅಂಗಡಿಯಲ್ಲಿ ತಗೋರಿ."

ಹಾಗೆ ತಗೊಳ್ಳಲೇಬೇಕು ಅನ್ನೋ ಕಾನೂನು ಇಲ್ಲ. ಈ ವಿಷಯ 2018ರಲ್ಲೇ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಕಡ್ಡಾಯ ಇಲ್ಲ ಅಂತ ಕೇಂದ್ರ ಸರ್ಕಾರವೂ ಅಲ್ಲಿ ಹೇಳಿತು. 2025ರ ಮಾರ್ಚ್ 4ರಂದು ಕೋರ್ಟು, ನೀತಿ ಮಾಡೋದು ರಾಜ್ಯಗಳ ಕೆಲಸ ಅಂತ ಹೇಳಿ ಅರ್ಜಿ ಮುಗಿಸಿತು. ಅಂದ್ರೆ ಗಡಿಯವರಾದ ನಾವು ಹೈದರಾಬಾದನ್ನೂ ಕೇಳಬೇಕು, ಬೆಂಗಳೂರನ್ನೂ ಕೇಳಬೇಕು.

ಬೀಗ ಇರೋದು ಅಂಗಡಿಯಲ್ಲಲ್ಲ, ಚೀಟಿಯಲ್ಲಿ. ಡಾಕ್ಟರು ಬ್ರ್ಯಾಂಡ್ ಹೆಸರು ಬರೆದ್ರೆ, ಅವರ ಒಪ್ಪಿಗೆ ಇಲ್ಲದೆ ಅಂಗಡಿಯವನು ಅದೇ ಔಷಧದ ಬೇರೆ ಬ್ರ್ಯಾಂಡ್ ಕೊಡುವಂತಿಲ್ಲ. ಆ ಬ್ರ್ಯಾಂಡು ಕೆಳಗಿನ ಅಂಗಡಿಯಲ್ಲಿ ಮಾತ್ರ ಸಿಗೋದಾದ್ರೆ ಹೊರಗೆ ಕೊಳ್ಳುವ ಹಕ್ಕು ಇದ್ದೇನು ಬಂತು? ಮೂಲ ಔಷಧದ ಹೆಸರನ್ನ, ಸಾಧ್ಯವಾದಷ್ಟು ದೊಡ್ಡ ಅಕ್ಷರದಲ್ಲಿ ಬರೀಬೇಕು ಅಂತ 2016ರಲ್ಲೇ ವೈದ್ಯರ ನಡವಳಿಕೆ ನಿಯಮಕ್ಕೆ ತಿದ್ದುಪಡಿ ಆಗಿದೆ. 2023ರಲ್ಲಿ ಇನ್ನೂ ಬಿಗಿ ನಿಯಮ ತಂದ್ರು, ಅದೇ ತಿಂಗಳು ತಡೆಹಿಡಿದ್ರು.

ಇನ್ನು ಎಂಆರ್‌ಪಿ. ಕಾಮರ್ಸ್ ಓದಿದ ನಮಗೂ ಈ ಲೆಕ್ಕ ವಿಚಿತ್ರ ಅನ್ಸುತ್ತೆ. ಬೇರೆ ಸಾಮಾನಿನಲ್ಲಿ ಕಂಪನಿಗಳು ಕಮ್ಮಿ ರೇಟಿಗೆ ಪೈಪೋಟಿ ಮಾಡ್ತಾವೆ. ಇಲ್ಲಿ ಹೆಚ್ಚು ಎಂಆರ್‌ಪಿ ಮುದ್ರಿಸಿ, ಆಸ್ಪತ್ರೆಗೆ ಕಡಿಮೆಗೆ ಕೊಟ್ಟೋರದೇ ಮಾಲು ಹೋಗುತ್ತೆ. 2018ರಲ್ಲಿ ಔಷಧ ಬೆಲೆ ಪ್ರಾಧಿಕಾರ ದೆಹಲಿ ಸುತ್ತಲಿನ ನಾಲ್ಕು ಖಾಸಗಿ ಆಸ್ಪತ್ರೆಗಳ ಬಿಲ್ಲು ನೋಡಿದಾಗ ಲಾಭ ಶೇ. 1,737ರವರೆಗೂ ಇತ್ತು. "ಎಂಆರ್‌ಪಿಗಿಂತ ಒಂದು ರೂಪಾಯಿನೂ ಜಾಸ್ತಿ ತಗೊಂಡಿಲ್ಲ" ಅನ್ನೋ ಮಾತು ನಿಜವೇ ಇರಬಹುದು, ಆದ್ರೆ ಆ ಎಂಆರ್‌ಪಿ ಎಲ್ಲಿಂದ ಬಂತು?

ಬ್ಯಾಂಕಿನ ಕೌಂಟರಿನಲ್ಲಿ ಕೂತ ನಮಗೆ ಇದರ ಇನ್ನೊಂದು ತುದಿ ಕಾಣುತ್ತೆ: ದವಾಖಾನೆ ಖರ್ಚಿಗೆ ಅಡವಿಗೆ ಬರೋ ಕಿವಿಯೋಲೆ, ಬಳೆ.

ಜನೌಷಧಿಯಲ್ಲಿ ಅದೇ ಔಷಧ ಬ್ರ್ಯಾಂಡಿಗಿಂತ ಅರ್ಧ, ಕೆಲವೊಮ್ಮೆ ಹತ್ತನೇ ಒಂದು ಭಾಗದ ರೇಟಿಗೆ ಸಿಗುತ್ತೆ. ಆದ್ರೆ 2025ರ ಮೇ ತಿಂಗಳಲ್ಲಿ ಕರ್ನಾಟಕ ಸರ್ಕಾರ, ಆಸ್ಪತ್ರೆಯಲ್ಲೇ ಉಚಿತ ಔಷಧ ಕೊಡ್ತೀವಿ ಅಂತ ಸರ್ಕಾರಿ ಆಸ್ಪತ್ರೆ ಆವರಣದ ಜನೌಷಧಿ ಕೇಂದ್ರಗಳನ್ನ ಮುಚ್ಚೋಕೆ ಹೊರಟಿತು, ವಿಷಯ ಹೈಕೋರ್ಟಿಗೆ ಹೋಯ್ತು. ಉಚಿತವಾಗಿ ಕೊಡೋದಾದ್ರೆ ಸಂತೋಷ. ಆದ್ರೆ "ಸ್ಟಾಕ್ ಇಲ್ಲ" ಅಂದ ದಿನ ಹೊಳೆ ದಾಟಿ ಬಂದ ಮುದುಕಿ ಎಲ್ಲಿಗೆ ಹೋಗಬೇಕು?

ಗೆಳೆಯರೇ, ಮನೆಯ ಹಿರಿಯರ ಜೊತೆ ನೀವು ಹೋಗ್ರಿ. ಔಷಧದ ಮೂಲ ಹೆಸರು ಬರೆದುಕೊಡ್ರಿ ಅಂತ ಡಾಕ್ಟರನ್ನ ಕೇಳ್ರಿ. ಬ್ಯಾಚ್ ನಂಬರ್ ಇರೋ ಬಿಲ್ಲು ತಗೋರಿ. 'ಫಾರ್ಮಾ ಸಹಿ ದಾಮ್' ಆ್ಯಪಿನಲ್ಲಿ ರೇಟು ನೋಡ್ರಿ. "ಔಷಧಿ ಎಲ್ಲಿ ಬೇಕಾದರೂ ಕೊಳ್ಳಬಹುದು" ಅಂತ ಕನ್ನಡದಲ್ಲೂ ತೆಲುಗಿನಲ್ಲೂ ಬೋರ್ಡು ಹಾಕಿಸಿ ಅಂತ ನಾರಾಯಣಪೇಟೆ, ರಾಯಚೂರು ಎರಡೂ ಜಿಲ್ಲಾಧಿಕಾರಿಗಳಿಗೆ ಅರ್ಜಿ ಬರೀತಿದ್ದೀವಿ. ನಿಮ್ಮೂರಿನ ಸಹಿಗಳನ್ನ ಕೂಡಿಸಿ ಕೊಡ್ರಿ.