ದಾಸ್ತಾನೇ ಬೇರೆ, ಹರಿವೇ ಬೇರೆ: ಶೇಲ್ ಅನಿಲ ಕಲಿಸುವ ಪಾಠ

ಸೋಲದೇವನಹಳ್ಳಿಯ ಸುತ್ತಮುತ್ತ ಕೊಳವೆಬಾವಿ ಕೊರೆಸಿದ ಉದ್ಯಮಿಗಳಿಗೆ ಒಂದು ಸಂಗತಿ ಚೆನ್ನಾಗಿ ತಿಳಿದಿದೆ. ಕೊರೆದ ದಿನ ಧಾರಾಳವಾಗಿ ಚಿಮ್ಮಿದ ನೀರು ಕೊನೆಯವರೆಗೂ ಅದೇ ಪ್ರಮಾಣದಲ್ಲಿ ಬರುತ್ತದೆಂಬ ಖಾತರಿಯಿಲ್ಲ. ಇಲ್ಲಿನ ಗಟ್ಟಿ ಬಂಡೆಯಲ್ಲಿ ನೀರು ನಿಲ್ಲುವುದು ಬಿರುಕುಗಳಲ್ಲಿ. ಬಿರುಕು ಬರಿದಾದಂತೆ ಹರಿವೂ ಕುಗ್ಗುತ್ತದೆ. ಕುಲುಮೆ, ಬಾಯ್ಲರ್ ಮತ್ತು ಪೌಡರ್ ಕೋಟಿಂಗ್ ಒಲೆಗಳಿಗೆ ಕೊಳವೆ ಅನಿಲವನ್ನು ಅಳವಡಿಸಿಕೊಳ್ಳಲಿರುವ ಸಣ್ಣ ಕೈಗಾರಿಕೆಗಳು ಈ ಅನುಭವವನ್ನು ಮರೆಯಬಾರದು.

ದಾಭೋಳ್–ಬೆಂಗಳೂರು ಅನಿಲ ಕೊಳವೆ ಮಾರ್ಗವು 2013ರಲ್ಲಿ ಕಾರ್ಯಾರಂಭ ಮಾಡಿತು. ಅಮೆರಿಕದ ಸಬೀನ್ ಪಾಸ್‌ನಿಂದ ಇಪ್ಪತ್ತು ವರ್ಷ ದ್ರವೀಕೃತ ಅನಿಲ ಖರೀದಿಸಲು ಗೇಲ್ ಸಂಸ್ಥೆಯು 2011ರಲ್ಲಿಯೇ ಒಪ್ಪಂದ ಮಾಡಿಕೊಂಡಿತ್ತು. ಅದರ ಮೊದಲ ಹಡಗು 2018ರ ಮಾರ್ಚ್‌ನಲ್ಲಿ ದಾಭೋಳ್ ತಲುಪಿತು. ಬೆಂಗಳೂರಿನಲ್ಲಿ ಉರಿಯುವ ಅನಿಲವೆಲ್ಲ ಅಮೆರಿಕದ್ದಲ್ಲ. ಆದರೆ ಆ ದೇಶದ ಉತ್ಪಾದನೆಯ ಬಹುಪಾಲು ಶೇಲ್‌ನಿಂದ ಬರುವುದರಿಂದ, ಅಲ್ಲಿನ ಶಿಲೆಯ ಗುಣ ಇಲ್ಲಿನ ಲೆಕ್ಕಪುಸ್ತಕಕ್ಕೂ ಸಂಬಂಧಿಸಿದ್ದೇ ಆಗಿದೆ.

ಶೇಲ್ ಎಂಬುದು ಜೇಡಿ ಪದರಗಳು ಒತ್ತಿ ಗಟ್ಟಿಯಾದ ಶಿಲೆ. ಅದರಲ್ಲಿ ಅನಿಲವು ಮುಖ್ಯವಾಗಿ ಎರಡು ರೀತಿಯಲ್ಲಿ ಅಡಗಿರುತ್ತದೆ. ಒಂದು ಭಾಗವು ಸೂಕ್ಷ್ಮ ರಂಧ್ರ ಮತ್ತು ಬಿರುಕುಗಳಲ್ಲಿ ಮುಕ್ತವಾಗಿರುತ್ತದೆ. ಇನ್ನೊಂದು ಭಾಗವು ಶಿಲೆಯೊಳಗಿನ ಜೈವಿಕ ಪದಾರ್ಥ ಮತ್ತು ಜೇಡಿಯ ಮೇಲ್ಮೈಗೆ ಅಂಟಿಕೊಂಡಿರುತ್ತದೆ. ಹೀಗೆ ಅಂಟಿಕೊಂಡ ಪಾಲು, ನಿಕ್ಷೇಪದಿಂದ ನಿಕ್ಷೇಪಕ್ಕೆ, ಸುಮಾರು ಶೇ. 20ರಿಂದ 85ರವರೆಗೂ ಇರಬಹುದು. ರಂಧ್ರಗಳ ಅಳತೆ ನ್ಯಾನೋಮೀಟರ್‌ಗಳಲ್ಲಿ. ಅಂದರೆ ಮೀಟರಿನ ನೂರು ಕೋಟಿಯ ಒಂದು ಭಾಗದ ಲೆಕ್ಕದಲ್ಲಿ.

ಆದ್ದರಿಂದ ಅನಿಲ ತಾನಾಗಿ ಹರಿದು ಬರುವುದಿಲ್ಲ. ಬಾವಿಯನ್ನು ಅಡ್ಡಲಾಗಿ ಕೊರೆದು, ನೀರು ಮತ್ತು ಮರಳನ್ನು ಅಧಿಕ ಒತ್ತಡದಲ್ಲಿ ನುಗ್ಗಿಸಿ ಶಿಲೆಯನ್ನು ಸೀಳಬೇಕಾಗುತ್ತದೆ. ಮೊದಲು ಬಿರುಕುಗಳಲ್ಲಿರುವ ಮುಕ್ತ ಅನಿಲ ರಭಸದಿಂದ ಹೊರಬರುತ್ತದೆ. ಒತ್ತಡ ಇಳಿದ ಮೇಲೆ ಅಂಟಿಕೊಂಡ ಅನಿಲ ಬಿಡಿಸಿಕೊಂಡು, ಕಣಕಣವಾಗಿ ಸರಿದು ಬಿರುಕನ್ನು ಸೇರುತ್ತದೆ. ಇದರ ಪರಿಣಾಮವಾಗಿ ಅನೇಕ ಶೇಲ್ ಬಾವಿಗಳ ಇಳುವರಿ ಮೊದಲ ವರ್ಷದಲ್ಲಿಯೇ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಅನಂತರ ಅಲ್ಪ ಹರಿವು ಬಹುಕಾಲ ಮುಂದುವರಿಯುತ್ತದೆ. ಗೋದಾಮಿನಲ್ಲಿ ಸರಕು ತುಂಬಿದ್ದರೂ ಬಾಗಿಲು ಕಿರಿದಾದರೆ ವ್ಯಾಪಾರಿಯ ಸ್ಥಿತಿ ಏನಾಗುವುದೋ, ಇದೂ ಹಾಗೆಯೇ.

ಇಂತಹ ಉತ್ಪಾದನೆಯನ್ನು ಉಳಿಸಿಕೊಳ್ಳಲು ಹೊಸ ಬಾವಿಗಳನ್ನು ಸತತವಾಗಿ ಕೊರೆಯುತ್ತಲೇ ಇರಬೇಕು. ಬೆಲೆ ಕುಸಿದಾಗ ಕೊರೆತ ತಗ್ಗುತ್ತದೆ. ಪೂರೈಕೆ ಕುಗ್ಗಿದಾಗ ಬೆಲೆ ಮತ್ತೆ ಏರುತ್ತದೆ. ಜಾಗತಿಕ ಬೇಡಿಕೆಯೂ ಇದಕ್ಕೆ ಸೇರಿದರೆ ಏರಿಳಿತ ತೀವ್ರವಾಗುತ್ತದೆ. ಅಮೆರಿಕದ ಹೆನ್ರಿ ಹಬ್ ದರವು 2020ರ ಜೂನ್‌ನಲ್ಲಿ ಹತ್ತು ಲಕ್ಷ ಬಿಟಿಯುಗೆ 2 ಡಾಲರ್‌ಗಿಂತ ಕಡಿಮೆಯಿತ್ತು. 2022ರ ಆಗಸ್ಟ್‌ನಲ್ಲಿ 8 ಡಾಲರ್ ದಾಟಿತು. ಸಬೀನ್ ಪಾಸ್ ಒಪ್ಪಂದದ ಸೂತ್ರವು ಹೆನ್ರಿ ಹಬ್ ದರದ ಶೇ. 115 ಮತ್ತು 3 ಡಾಲರ್ ಸ್ಥಿರ ಶುಲ್ಕ. ಅದರಂತೆ 2 ಡಾಲರ್ ದರಕ್ಕೆ 5.30 ಡಾಲರ್, 8 ಡಾಲರ್ ದರಕ್ಕೆ 12.20 ಡಾಲರ್ ಆಗುತ್ತದೆ. ಹಡಗಿನ ಬಾಡಿಗೆ, ಮರು ಅನಿಲೀಕರಣ ಮತ್ತು ಕೊಳವೆ ಸಾಗಣೆಯ ವೆಚ್ಚ ಇದಕ್ಕೆ ಹೊರತು.

ಇದರಿಂದ ಅನಿಲವನ್ನು ದೂರವಿಡಬೇಕೆಂದು ಅರ್ಥವಲ್ಲ. ಅದು ಫರ್ನೇಸ್ ಆಯಿಲ್‌ಗಿಂತ ಸ್ವಚ್ಛ. ಶಾಖದ ನಿಯಂತ್ರಣವೂ ಸುಲಭ. ಆದರೆ ಭೂಗರ್ಭದಲ್ಲಿ ನೂರು ವರ್ಷಕ್ಕಾಗುವಷ್ಟು ಅನಿಲವಿದೆ ಎಂಬ ಮಾತನ್ನು ನೆಚ್ಚಿ ದೀರ್ಘಾವಧಿ ಕರಾರಿಗೆ ಸಹಿ ಹಾಕುವುದು ವಿವೇಕವಲ್ಲ. ದರ ಯಾವ ಸೂಚ್ಯಂಕಕ್ಕೆ ಬದ್ಧವಾಗಿದೆ, ಕನಿಷ್ಠ ಖರೀದಿಯ ಷರತ್ತು ಎಷ್ಟು, ಪೂರೈಕೆ ನಿಂತರೆ ಪರಿಹಾರವೇನು ಎಂಬುದನ್ನು ಮೊದಲೇ ಪರಿಶೀಲಿಸಬೇಕು. ಸಾಧ್ಯವಿದ್ದಲ್ಲಿ ಎರಡು ಇಂಧನಗಳಿಗೂ ಒಗ್ಗುವ ಬರ್ನರ್ ಅಳವಡಿಸುವುದು ಲೇಸು.

ಒಂಟಿ ಘಟಕವೊಂದು ಇಂತಹ ಷರತ್ತುಗಳನ್ನು ಚೌಕಾಸಿ ಮಾಡಲಾರದು. ಸೋಲದೇವನಹಳ್ಳಿ, ಪೀಣ್ಯ, ಯಶವಂತಪುರ ಭಾಗದ ಸಣ್ಣ ಘಟಕಗಳ ಒಟ್ಟು ಬೇಡಿಕೆಯನ್ನು ಕ್ರೋಡೀಕರಿಸಿ ವಾಣಿಜ್ಯ ಸಂಸ್ಥೆಗಳೇ ಮಾತುಕತೆಗೆ ಕುಳಿತುಕೊಳ್ಳುವುದು ಸೂಕ್ತ. ನೆಲದಡಿಯ ದಾಸ್ತಾನು ಎಷ್ಟೇ ಇರಲಿ, ಕಾರ್ಖಾನೆ ನಡೆಯುವುದು ಅಂದಂದಿನ ಹರಿವಿನಿಂದ, ಅಂದಂದಿನ ದರದಲ್ಲಿ.