ಬರ್ಮೀಯರ ಬಿನ್ನಹ

ಈಗ ಮಯನ್ಮಾರ್ ಎನಿಸಿಕೊಳ್ಳುವ ಬರ್ಮಾದಲ್ಲಿ, 2020ನೆಯ ನವೆಂಬರಿನ ಚುನಾವಣೆಯಲ್ಲಿ ಪ್ರಜೆಗಳು ಆರಿಸಿದ್ದ ಪಕ್ಷವನ್ನು ಬದಿಗೊತ್ತಿ ಸೇನಾಪತಿಗಳು 2021ನೆಯ ಫೆಬ್ರವರಿ 1ರಂದು ಅಧಿಕಾರವನ್ನು ಅಪಹರಿಸಿದರಷ್ಟೆ. ಪರದೇಶಗಳಲ್ಲಿ ನೆಲಸಿರುವ ಬರ್ಮೀಯರು ಅಂದಿನಿಂದ ಅಲ್ಲಲ್ಲಿನ ಸರಕಾರಗಳಿಗೆ ಮಾಡುತ್ತ ಬಂದ ಬಿನ್ನಹವು ಇಷ್ಟೇ: ಆ ಸೇನಾಡಳಿತಕ್ಕೆ ರಾಜಮರ್ಯಾದೆಯನ್ನು ಸಲ್ಲಿಸಬೇಡಿರಿ.

ಇದು ತಾಯ್ನಾಡಿಗೆ ಬಗೆದ ದ್ರೋಹವೆನ್ನುವವರುಂಟು. ಆಂಗ್ ಸಾನ್ ಸೂ ಚೀಯವರ ಬಿಡುಗಡೆಯನ್ನು ಬೇಡಿದ ತಪ್ಪಿಗಾಗಿ ಲಂಡನ್ನಿನ ಬರ್ಮೀ ರಾಯಭಾರಿಯನ್ನು 2021ರ ಏಪ್ರಿಲಿನಲ್ಲಿ ಅವರ ಕಚೇರಿಯವರೇ ಹೊರಗಿಟ್ಟು ಕದವಿಕ್ಕಿದರು. ಆತನು ಆ ರಾತ್ರಿಯನ್ನು ತನ್ನ ಕಾರಿನಲ್ಲಿಯೇ ಕಳೆಯಬೇಕಾಯಿತು. ದ್ರೋಹವು ಯಾರದು?

ಮರುವರ್ಷ ಇಂಗ್ಲೆಂಡ್, ಆಸ್ಟ್ರೇಲಿಯಾ ಸರಕಾರಗಳು ರಂಗೂನಿನಲ್ಲಿ ರಾಯಭಾರಿಗೆ ಬದಲಾಗಿ ಪ್ರಭಾರಾಧಿಕಾರಿಯನ್ನಿರಿಸಿದುವು, ಕಚೇರಿಯನ್ನು ಮುಚ್ಚಲಿಲ್ಲ. ಇದೇ ಯುಕ್ತವೆಂದು ನಮ್ಮ ಮತ. ಬಾಗಿಲನ್ನೇ ಮುಚ್ಚಿದರೆ ತೊಂದರೆಗೀಡಾಗುವವನು ವೀಸಾ ಬೇಡುವ ಬಡ ಬರ್ಮೀಯನೇ ಹೊರತು ಸೇನಾಪತಿಯಲ್ಲ.

ನಮಗೆ ಆ ದೇಶದೊಡನೆ 1,600 ಕಿಲೋಮೀಟರಿಗೂ ಮಿಕ್ಕ ಗಡಿಯುಂಟು. ಮಾತುಕತೆ ಬಿಡಲಾಗದೆಂಬುದನ್ನು ಒಪ್ಪುತ್ತೇವೆ. ಆದರೆ 2021ರ ಮಾರ್ಚ್ 27ರ ಸೇನಾದಿನದ ಕವಾಯತಿಗೆ ಭಾರತದ ಪ್ರತಿನಿಧಿಯು ಹೋಗಿದ್ದೇಕೆ? ಅದೇ ದಿನ ಆ ದೇಶದ ಊರೂರುಗಳಲ್ಲಿ ನೂರಕ್ಕೂ ಮಿಕ್ಕ ಪ್ರಜೆಗಳು ಸೈನಿಕರ ಗುಂಡಿಗೆ ಬಲಿಯಾದರು. ಗಡಿಯ ಮಾತಿಗೆ ಕವಾಯತಿನ ಕುರ್ಚಿಯು ಬೇಕಿರಲಿಲ್ಲ. ಇಂತಹ ಸಮಾರಂಭಗಳಿಗೆ ನಮ್ಮವರು ಇನ್ನು ಹೋಗಕೂಡದೆಂದು ದೆಹಲಿಯ ಸರಕಾರದವರು ಅಪ್ಪಣೆ ಮಾಡಬೇಕು.